ಹಳೆಯ ಹಳಿ, ಹಳೆಯ ಸೇತುವೆ: ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು?

ಪ್ರಶ್ನೆ: ನಾನು ಗದಗ-ಬೆಟಗೇರಿಯವನು. ಕೆಲಸದ ಮೇಲೆ ಆಗಾಗ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿಬರುತ್ತೇನೆ. ಈಚಿನ ವರ್ಷಗಳಲ್ಲಿ ಜೋಡಿ ಹಳಿ ಬಂತು, ವಿದ್ಯುತ್ ತಂತಿ ಬಂತು. ನೋಡಿದರೆ ಚೆನ್ನಾಗಿಯೇ ಇರುವ ಹಳಿಗಳನ್ನು ಕಿತ್ತು ದಾರಿಯುದ್ದಕ್ಕೂ ಹಾಕಿದ್ದಾರೆ. ಡೀಸೆಲ್ ಎಂಜಿನ್‌ಗಳು, ನೀಲಿ ಬೋಗಿಗಳು ಮೂಲೆ ಸೇರುತ್ತಿವೆ. ಆದರೆ ಬ್ರಿಟಿಷರ ಕಾಲದ ಕಲ್ಲಿನ ಸೇತುವೆಗಳ ಮೇಲೆ ಮಾತ್ರ ಈಗಲೂ ರೈಲು ಓಡುತ್ತಿದೆ. ಗಟ್ಟಿ ಇರುವುದನ್ನು ಗುಜರಿಗೆ ಹಾಕಿ, ಮುದಿಯಾದದ್ದನ್ನು ಉಳಿಸಿಕೊಳ್ಳುವುದರಲ್ಲಿ ಏನಾದರೂ ಲೆಕ್ಕವಿದೆಯೇ? ಪರಿಸರ ಮತ್ತು ಸುರಕ್ಷತೆ ಎರಡನ್ನೂ ನೋಡಿದರೆ ಯಾವುದು ಸರಿ?

ಉತ್ತರ: ಲೆಕ್ಕ ಇದೆ. ಆದರೆ ಅದು ಹುಟ್ಟಿದ ವರ್ಷದ ಲೆಕ್ಕವಲ್ಲದ ಕಾರಣ ಹೊರಗಿನಿಂದ ನೋಡಿದವರಿಗೆ ತಲೆಕೆಳಗಾದಂತೆ ಕಾಣುತ್ತದೆ. ರೈಲ್ವೆಯಲ್ಲಿ ಒಂದೊಂದು ವಸ್ತು ಒಂದೊಂದು ಕಾರಣಕ್ಕೆ ಮುಪ್ಪಾಗುತ್ತದೆ. ಹಳಿ ತಾನು ಹೊತ್ತ ಭಾರದಿಂದ, ಬೋಗಿ ತುಕ್ಕಿನಿಂದ, ಕಲ್ಲಿನ ಕಮಾನು ನೀರಿನಿಂದ, ಸಿಗ್ನಲ್ ಕೊಠಡಿಯ ಎಲೆಕ್ಟ್ರಾನಿಕ್ ಕಾರ್ಡು ಬಿಡಿಭಾಗ ಸಿಗದೆ. ಹದಿನೈದು ವರ್ಷದ ಕಾರ್ಡು ಸಾವಿನಂಚಿನಲ್ಲಿದ್ದಾಗ ನೂರಮೂವತ್ತು ವರ್ಷದ ಕಮಾನು ಇನ್ನೂ ಗಟ್ಟಿಯಾಗಿರಬಹುದು. ನಿಮಗೆ ಕಂಡ ವಿರೋಧಾಭಾಸದ ಬಹುಪಾಲು ಇಷ್ಟೇ. ನನ್ನ ತಕರಾರು ಇರುವುದು ಬೇರೆ ಕಡೆ: ಕಣ್ಣಿಗೆ ಕಾಣುವುದನ್ನು ಬದಲಿಸಲು ಹಣ ಬೇಗ ಸಿಗುತ್ತದೆ, ಅದರ ಕೆಳಗಿರುವ ಮಣ್ಣು, ಮೋರಿ, ಗಟಾರುಗಳಿಗೆ ಸಿಗುವುದಿಲ್ಲ. ಕೆಳಗಿನದು ಕೆಟ್ಟರೆ ಮೇಲಿನ ಹೊಸದೂ ಬೇಗ ಹಳತಾಗುತ್ತದೆ. ಅಂಥ ವ್ಯವಸ್ಥೆಯನ್ನು ಸುಸ್ಥಿರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ಹಳಿ. ಈಗ ಮುಖ್ಯ ಮಾರ್ಗಗಳಲ್ಲಿ ಹಾಕುವುದು ಒಂದು ಮೀಟರಿಗೆ ಸುಮಾರು 60 ಕಿಲೋ ತೂಗುವ ಹಳಿ. ಅದಕ್ಕೂ ಮೊದಲು 52 ಕಿಲೋದ ಹಳಿ ಹೆಚ್ಚು ಬಳಕೆಯಲ್ಲಿತ್ತು. ಇವುಗಳ ಆಯುಷ್ಯವನ್ನು ಅವುಗಳ ಮೇಲೆ ಹರಿದ ಒಟ್ಟು ಭಾರದಲ್ಲಿ ಅಳೆಯುತ್ತಾರೆ. ಸಾಮಾನ್ಯ ದರ್ಜೆಯ 60 ಕಿಲೋ ಹಳಿಗೆ ಬಹುಕಾಲದಿಂದ ಇಟ್ಟುಕೊಂಡು ಬಂದ ಮಿತಿ 80 ಕೋಟಿ ಟನ್, 52 ಕಿಲೋ ಹಳಿಗೆ 52.5 ಕೋಟಿ ಟನ್. ವರ್ಷಕ್ಕೆ ನಾಲ್ಕು ಕೋಟಿ ಟನ್ ಹರಿಯುವ ಮಾರ್ಗದಲ್ಲಿ ಮೊದಲಿನದು ಇಪ್ಪತ್ತು ವರ್ಷಕ್ಕೆ ತನ್ನ ಪಾಲು ಮುಗಿಸುತ್ತದೆ. ವರ್ಷಕ್ಕೆ ಒಂದು ಕೋಟಿ ಟನ್ನಿನ ಮಾರ್ಗದಲ್ಲಿ ಅದೇ ಹಳಿ ಕಾಗದದ ಮೇಲೆ ಎಂಬತ್ತು ವರ್ಷ ಬಾಳಬೇಕು. ಅಷ್ಟರೊಳಗೆ ತುಕ್ಕು ತನ್ನ ಕೆಲಸ ಮುಗಿಸಿರುತ್ತದೆ ಎನ್ನುವುದು ಬೇರೆ ಮಾತು. ಹೊಸಪೇಟೆ, ಬಳ್ಳಾರಿ ಕಡೆಗೂ ಗೋವೆಯ ಬಂದರಿಗೂ ನಡುವೆ ಗದಗ, ಹುಬ್ಬಳ್ಳಿ ಮೂಲಕ ಓಡುವ ಅದಿರು, ಕಲ್ಲಿದ್ದಲಿನ ಗಾಡಿಗಳನ್ನು ನೀವು ನೋಡಿಯೇ ಇರುತ್ತೀರಿ. ಹಿಂದೆ ಬ್ರಾಡ್ ಗೇಜಿನಲ್ಲಿ, ಅಂದರೆ ಈಗಿನ ಅಗಲ ಹಳಿಯ ಮಾರ್ಗದಲ್ಲಿ, ಒಂದು ಅಚ್ಚಿನ ಮೇಲೆ 20.3 ಟನ್ ಭಾರಕ್ಕೆ ಮಿತಿ ಇತ್ತು. 2005ರ ಸುಮಾರಿಗೆ ಅದಿರಿನ ಮಾರ್ಗಗಳಿಂದಲೇ ಆರಂಭಿಸಿ ಅದನ್ನು 22.8 ಟನ್ನಿನ ಆಸುಪಾಸಿಗೆ ಏರಿಸಿದರು. ಏರಿಕೆ ಸಣ್ಣದೆನಿಸಬಹುದು, ಆದರೆ ಲೋಹದ ದಣಿವು ಭಾರಕ್ಕಿಂತ ವೇಗವಾಗಿ ಏರುತ್ತದೆ. ಹಾಗಾಗಿ ಗದಗ-ಹುಬ್ಬಳ್ಳಿ ಮಾರ್ಗದ ಹಳಿಯ ವಯಸ್ಸನ್ನು ಪ್ರಯಾಣಿಕರ ಗಾಡಿ ನೋಡಿ ಅಂದಾಜು ಮಾಡಬಾರದು.

ಹೊರಗೆ ನಯವಾಗಿ ಹೊಳೆಯುವ ಹಳಿಯ ಒಳಗೆ ಬಿರುಕು ಬೆಳೆಯುತ್ತಿರಬಹುದು. ಅದಕ್ಕೆಂದೇ ಕೈಗಾಡಿಯಂಥ ಉಪಕರಣವನ್ನು ಹಳಿಯ ಮೇಲೆ ತಳ್ಳುತ್ತ, ನೀರು ಸುರಿಸುತ್ತ, ಅಲ್ಟ್ರಾಸಾನಿಕ್ ತರಂಗ ಬಿಟ್ಟು ಒಳಗಿನ ದೋಷ ಹುಡುಕುತ್ತಾರೆ. ಬೆಸುಗೆಯ ಜಾಗಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ ಹಳಿಯೊಂದು ಚೂರುಚೂರಾಗಿ ಒಡೆದು ರೈಲು ಹಳಿ ತಪ್ಪಿತು, ನಾಲ್ವರು ಸತ್ತರು. ಹಳಿಯ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳಿವೆ ಎಂಬುದು ಮೊದಲೇ ಗೊತ್ತಿತ್ತು. ಬದಲಿಸಲು ತಂದ ಹಳಿ ತಿಂಗಳುಗಟ್ಟಲೆ ಪಕ್ಕದಲ್ಲಿಯೇ ಬಿದ್ದಿತ್ತು. ಆದ್ದರಿಂದ ದಾರಿಯ ಬದಿ ಬಿದ್ದ ಹಳಿಗಳನ್ನು ಕಂಡು ನಿಮಗೆ ‘ಗಟ್ಟಿ ಇದ್ದದ್ದನ್ನು ಕಿತ್ತರು’ ಎನಿಸಿದರೆ, ನನ್ನಂಥವರಿಗೆ ಬರುವ ಮೊದಲ ಅನುಮಾನ ತಿರುವುಮುರುವಾಗಿರುತ್ತದೆ: ಇವು ಕಿತ್ತ ಹಳಿಗಳೋ, ಹಾಕಬೇಕಾದ ಹಳಿಗಳೋ? ಅವುಗಳಲ್ಲಿ ಕೆಲವು ಹಳಿ ಮುರಿದಾಗ ತಕ್ಷಣ ಕೈಗೆ ಸಿಗಲಿ ಎಂದು ಅಲ್ಲಲ್ಲಿ ಗೂಟದ ಮೇಲೆ ಇಟ್ಟ ತುರ್ತಿನ ಹಳಿಗಳೂ ಆಗಿರುತ್ತವೆ.

ಕಿತ್ತ ಹಳಿ ಎಂದರೆ ನೇರವಾಗಿ ಗುಜರಿ ಅಲ್ಲ. ತಿರುವಿನಲ್ಲಿ ಗಾಲಿಯ ಅಂಚು ಉಜ್ಜಿ ಹಳಿಯ ಒಳಬದಿ ಮಾತ್ರ ಸವೆದಿದ್ದರೆ ಎಡದ ಹಳಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಸವೆಯದ ಬದಿಯನ್ನು ಕೆಲಸಕ್ಕೆ ತರುತ್ತಾರೆ. ಮುಖ್ಯ ಮಾರ್ಗಕ್ಕೆ ಬೇಡವಾದ ಹಳಿಯನ್ನು ಪರೀಕ್ಷಿಸಿ, ತುದಿಯ ಕೆಟ್ಟ ಭಾಗ ಕತ್ತರಿಸಿ, ನಿಲ್ದಾಣದ ಲೂಪ್ ಹಳಿಗೆ, ಗೂಡ್ಸ್ ಯಾರ್ಡಿಗೆ, ಕಾರ್ಖಾನೆಯ ಸೈಡಿಂಗಿಗೆ ಬಳಸುತ್ತಾರೆ. ಅಲ್ಲಿ ವೇಗ ಕಡಿಮೆ, ಭಾರದ ಓಡಾಟ ಕಡಿಮೆ, ಹಾಗಾಗಿ ಅದೇ ಹಳಿ ಮತ್ತೊಂದು ಬದುಕು ಬಾಳುತ್ತದೆ. ಆಮೇಲೆ ಉಳಿದದ್ದು ಹರಾಜಿಗೆ, ಅಲ್ಲಿಂದ ಕುಲುಮೆಗೆ. ಒಂದು ಕಿಲೋಮೀಟರ್ ಮಾರ್ಗದಲ್ಲಿ ಹಳಿಯ ಉಕ್ಕೇ ಸುಮಾರು 120 ಟನ್ ಇರುತ್ತದೆ. ಅದಿರಿನಿಂದ ಒಂದು ಟನ್ ಉಕ್ಕು ಮಾಡುವಾಗ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೀಗಿರುವಾಗ ಹಳಿಯ ಆಯುಷ್ಯವನ್ನು ಐದು ವರ್ಷ ಹಿಗ್ಗಿಸಿದರೆ ಆಗುವ ಉಳಿತಾಯ ನಿಲ್ದಾಣದ ಮಾಡಿನ ಮೇಲಿನ ಸೌರಫಲಕಗಳಷ್ಟು ಸುಲಭವಾಗಿ ಫೋಟೋಗೆ ಸಿಗುವುದಿಲ್ಲ, ಆದರೆ ಅದರ ತೂಕ ದೊಡ್ಡದು. ತಿರುವಿನಲ್ಲಿ ಗ್ರೀಸ್ ಹಚ್ಚುವುದು, ಸಣ್ಣ ಬಿರುಕಿನ ಪದರವನ್ನು ಯಂತ್ರದಿಂದ ಉಜ್ಜಿ ತೆಗೆಯುವುದು, ಹಳಿಯನ್ನು ಹಿಡಿದಿಡುವ ಕ್ಲಿಪ್ಪುಗಳನ್ನು ಬಿಚ್ಚಿ ಎಣ್ಣೆ ಸವರುವುದು, ಇವೆಲ್ಲ ಆಯುಷ್ಯ ಹಿಗ್ಗಿಸುವ ಕೆಲಸಗಳೇ.

ಇನ್ನು ನಮ್ಮ ಸೀಮೆಯ ದೊಡ್ಡ ಸಮಸ್ಯೆಗೆ ಬರುತ್ತೇನೆ. ಹುಬ್ಬಳ್ಳಿ ಬಿಟ್ಟು ಕುಸುಗಲ್, ಹೆಬಸೂರು, ಅಣ್ಣಿಗೇರಿ ದಾಟಿ ಗದಗದ ತನಕ, ಅಲ್ಲಿಂದ ಉತ್ತರಕ್ಕೆ ಹೊಟಗಿಯ ಕಡೆಗೂ, ಮಾರ್ಗದ ಬಹುಭಾಗ ಎರೆ ಭೂಮಿಯಲ್ಲಿದೆ. ಎರೆಯ ಸ್ವಭಾವವನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕಾಲಿಳಿಯುವಷ್ಟು ಬಾಯಿ ಬಿಡುತ್ತದೆ. ಹಿಂಗಾರಿ ಜೋಳಕ್ಕೆ, ಕಡಲೆಗೆ ಅದು ವರ. ರೈಲು ಹಳಿಯ ಬುನಾದಿಗೆ ಮಾತ್ರ ಅದಕ್ಕಿಂತ ಕೆಟ್ಟ ಮಣ್ಣು ಹುಡುಕುವುದು ಕಷ್ಟ.

ಆಗುವುದು ಹೀಗೆ. ಹಳಿಯ ಕೆಳಗೆ ಅದನ್ನು ಹೊರುವ ಅಡ್ಡತೊಲೆ, ಅಂದರೆ ಸ್ಲೀಪರ್, ಸ್ಲೀಪರ್ ಕೆಳಗೆ ಒಂದಡಿಯಷ್ಟು ಜಲ್ಲಿ, ಜಲ್ಲಿಯ ಕೆಳಗೆ ಮಣ್ಣಿನ ಏರಿ. ಜಲ್ಲಿಯ ಕೆಲಸ ಎರಡು: ಭಾರವನ್ನು ಹರಡಿ ಮಣ್ಣಿಗೆ ಮುಟ್ಟಿಸುವುದು ಮತ್ತು ನೀರನ್ನು ನಿಲ್ಲಗೊಡದೆ ಬಸಿಯುವುದು. ಏರಿಯ ತಲೆಯಲ್ಲಿ ಎರೆಮಣ್ಣು ಇದ್ದು ಅದಕ್ಕೆ ನೀರು ತಗುಲಿದರೆ, ಗಾಡಿ ಹಾಯ್ದಾಗಲೆಲ್ಲ ಜಲ್ಲಿ ಮೆತ್ತಗಿನ ಮಣ್ಣಿನೊಳಗೆ ಕಂತುತ್ತದೆ ಮತ್ತು ಮಣ್ಣು ರಾಡಿಯಾಗಿ ಜಲ್ಲಿಯ ಸಂದಿಗಳಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಜಲ್ಲಿ ಕಂತಿದ ಜಾಗದಲ್ಲಿ ಬಟ್ಟಲಿನಂಥ ತಗ್ಗುಗಳಾಗಿ, ಮುಂದಿನ ಮಳೆಯ ನೀರು ಅಲ್ಲಿಯೇ ನಿಲ್ಲುತ್ತದೆ. ನೀರು ನಿಂತಲ್ಲಿ ಮಣ್ಣು ಇನ್ನಷ್ಟು ಮೆತ್ತಗಾಗುತ್ತದೆ. ಮೇಲೆ ಹಳಿಯ ಮಟ್ಟ ತಪ್ಪುತ್ತದೆ, ಗಾಡಿ ಕುಲುಕುತ್ತದೆ, ಎಂಜಿನಿಯರ್ ಆ ಜಾಗಕ್ಕೆ ವೇಗಮಿತಿ ಹಾಕುತ್ತಾನೆ. ಟ್ಯಾಂಪಿಂಗ್ ಯಂತ್ರ ಬಂದು ಉಕ್ಕಿನ ಬೆರಳುಗಳನ್ನು ಜಲ್ಲಿಯೊಳಗೆ ಇಳಿಸಿ, ಹಳಿ ಎತ್ತಿ, ಮಟ್ಟ ಸರಿಮಾಡಿ ಹೋಗುತ್ತದೆ. ಕೆಲವು ತಿಂಗಳಲ್ಲಿ ಅದೇ ಜಾಗ ಮತ್ತೆ ಇಳಿದಿರುತ್ತದೆ. ಯಂತ್ರ ಬಡಿದಾಗಲೆಲ್ಲ ಜಲ್ಲಿಯ ಚೂಪಾದ ಅಂಚುಗಳು ಮುರಿದು ಪುಡಿಯಾಗುತ್ತವೆ, ಪುಡಿ ನೀರಿನ ದಾರಿ ಮುಚ್ಚುತ್ತದೆ. ಅಂದರೆ ಕಾಯಿಲೆಯ ಮೂಲ ಮುಟ್ಟದೆ ಮಾಡಿದ ಉಪಚಾರವೇ ಕಾಯಿಲೆಯನ್ನು ಬೆಳೆಸುತ್ತದೆ. ಇಂಥ ಜಾಗದಲ್ಲಿ ಹಳಿ ಬದಲಿಸುವುದು ಗೆದ್ದಲು ತಿಂದ ತೊಲೆಯ ಮೇಲೆ ಹೊಸ ಹಂಚು ಹೊದಿಸಿದ ಹಾಗೆ.

ಮದ್ದು ಇಲ್ಲವೆಂದಲ್ಲ. ಹೊಸ ಹಳಿ ಹಾಕುವಾಗ ಎರೆಮಣ್ಣಿನ ಮೇಲೆ, ಜಲ್ಲಿಯ ಕೆಳಗೆ, ಒಳ್ಳೆಯ ದರ್ಜೆಯ ಗರಸು ಮತ್ತು ಪುಡಿಕಲ್ಲಿನ ಪದರವೊಂದನ್ನು ಹಾಸುತ್ತಾರೆ. ಕೆಟ್ಟ ಮಣ್ಣಿಗೆ ಈ ಹಾಸು ಒಂದು ಮೀಟರ್ ದಪ್ಪದವರೆಗೂ ಬೇಕಾಗಬಹುದು. ಜೋಡಿ ಹಳಿಯ ಕಾಮಗಾರಿಯಲ್ಲಿ ಹೊಸ ಏರಿಗೆ ಇದು ಸಾಧ್ಯ. ಹಳೆಯ ಏರಿಯ ಕಥೆ ಬೇರೆ. ಈ ಭಾಗದ ಮೊದಲ ಹಳಿಗಳು 1880ರ ದಶಕದವು. 1876-78ರ ಭೀಕರ ಬರದ ನಂತರ, ಬರಪೀಡಿತ ಸೀಮೆಗೆ ಧಾನ್ಯ ಸಾಗಿಸಲು ದಾರಿ ಬೇಕೆಂಬ ಯೋಚನೆಯಲ್ಲಿ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ. ಅಕ್ಕಪಕ್ಕದ ಹೊಲದ ಮಣ್ಣನ್ನೇ ಎತ್ತಿ ಹಾಕಿ, ಹಗುರವಾದ ಮೀಟರ್ ಗೇಜ್ ಗಾಡಿಗಳಿಗೆ ಕಟ್ಟಿದ ಏರಿಗಳು ಅವು. 1990ರ ದಶಕದಲ್ಲಿ ಇಲ್ಲಿ ಬ್ರಾಡ್ ಗೇಜ್ ಬಂತು, ಗದಗ-ಹೊಟಗಿ ಮಾರ್ಗಕ್ಕೆ ಅದಕ್ಕಿಂತ ತಡವಾಗಿ ಬಂತು. ಹಳಿಯ ಅಗಲ, ಗಾಡಿಯ ಭಾರ ಎರಡೂ ಹೆಚ್ಚಿದವು, ಏರಿಯ ಹೊಟ್ಟೆಯೊಳಗಿನ ಮಣ್ಣು ಮಾತ್ರ ಬಹುಕಡೆ ಅದೇ ಉಳಿಯಿತು. ಓಡುವ ಮಾರ್ಗದ ಕೆಳಗೆ ಅದನ್ನು ಸರಿಪಡಿಸಲು ಸುಣ್ಣ ಕಲಸಿದ ನೀರನ್ನು ಒತ್ತಡದಲ್ಲಿ ಒಳನುಗ್ಗಿಸುವುದು, ರಂಧ್ರ ಕೊರೆದು ಮರಳು ತುಂಬುವುದು, ಜಲ್ಲಿ ತೆಗೆದು ಕೃತಕ ನಾರಿನ ಹಾಸು ಹಾಕುವುದು ಮುಂತಾದ ವಿಧಾನಗಳಿವೆ. ಎಲ್ಲಕ್ಕೂ ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ಗಾಡಿ ನಿಲ್ಲಿಸಿ ಕೊಡುವ ಬಿಡುವಿನ ಗಂಟೆಗಳು ಬೇಕು. ಅತಿ ಅಗ್ಗದ ಮದ್ದು ಯಾವುದೆಂದು ಕೇಳಿದರೆ ಪಕ್ಕದ ಗಟಾರು ಎನ್ನುತ್ತೇನೆ. ಏರಿಯ ಬುಡದಲ್ಲಿ, ನೆಲ ಕಡಿದು ಹಳಿ ಹಾಕಿದ ಕೊರಕಲಿನ ಎರಡೂ ಬದಿಯಲ್ಲಿ ಮುಂಗಾರಿಗೆ ಮೊದಲು ಗಟಾರು ತೋಡಿ ನೀರು ಹರಿದುಹೋಗುವಂತೆ ಮಾಡಿದರೆ ಅರ್ಧ ರೋಗ ಬರುವುದೇ ಇಲ್ಲ. ಇದು ಗುದ್ದಲಿ, ಬುಟ್ಟಿಯ ಕೆಲಸ. ಬಹುಶಃ ಅದಕ್ಕೇ ಯಾರಿಗೂ ಇದರ ಮೇಲೆ ಗೌರವವಿಲ್ಲ.

ನೀರಿನ ಮಾತು ಬಂದಾಗ ಇನ್ನೊಂದನ್ನು ಹೇಳಿಬಿಡುತ್ತೇನೆ. ಲೆವೆಲ್ ಕ್ರಾಸಿಂಗ್ ಮುಚ್ಚಿ ಹಳಿಯ ಕೆಳಗೆ ಕಟ್ಟಿದ ಸಣ್ಣ ಸುರಂಗದಾರಿಗಳು ಮಳೆಗಾಲದಲ್ಲಿ ಕೆರೆಯಾಗುವುದು ಹಾವೇರಿ, ಗದಗ, ಧಾರವಾಡ ಮೂರೂ ಜಿಲ್ಲೆಯವರಿಗೆ ಗೊತ್ತಿರುವ ಸಂಗತಿ. ಕಾವಲುಗಾರರಿಲ್ಲದ ಕ್ರಾಸಿಂಗ್‌ಗಳು ಹೋದದ್ದು ನಿಜಕ್ಕೂ ದೊಡ್ಡ ಸುಧಾರಣೆ, ಅದರಿಂದ ಜೀವಗಳು ಉಳಿದಿವೆ. ಆದರೆ ಸುತ್ತಲಿನ ಎಲ್ಲ ನೆಲಕ್ಕಿಂತ ತಗ್ಗಿನಲ್ಲಿ ಕಟ್ಟಿ, ನೀರು ಹೋಗುವುದೆಲ್ಲಿಗೆ ಎಂದು ಕೇಳಿಕೊಳ್ಳದ ಕಟ್ಟಡ ಉದ್ಘಾಟನೆಯ ದಿನವೇ ಹಳತಾಗಿರುತ್ತದೆ. ಹೊಸದೆಲ್ಲ ಬಾಳಿಕೆಯದ್ದು ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಮರುಪ್ರಶ್ನೆ ಬೇಕಿಲ್ಲ.

ನಿಮ್ಮ ಕಲ್ಲಿನ ಸೇತುವೆಗಳ ವಿಷಯ. ಕಮಾನಿನ ಕಲ್ಲು ಸದಾ ಒತ್ತಡದಲ್ಲಿರುತ್ತದೆ, ಎಳೆತದಲ್ಲಿ ಇರುವುದಿಲ್ಲ. ಕಲ್ಲಿಗೆ ಒತ್ತಡ ಅಂಜಿಕೆಯ ವಿಷಯವಲ್ಲ. ಭಾರ ಹೆಚ್ಚಿದರೆ ಕಮಾನು ಒಂದು ಮಿತಿಯವರೆಗೆ ಇನ್ನಷ್ಟು ಬಿಗಿಯಾಗುತ್ತದೆ. ಉಕ್ಕಿನ ತೊಲೆಗೆ ಬರುವ ದಣಿವಿನ ಬಿರುಕು ಅದಕ್ಕೆ ಆ ರೀತಿ ಬರುವುದಿಲ್ಲ. ಅದರ ವೈರಿಗಳು ಮೂರೇ: ನೀರು, ಮರದ ಬೇರು, ಕುಸಿದ ಅಡಿಪಾಯ. ಕಮಾನಿನ ಮೇಲೆ ತುಂಬಿದ ಮಣ್ಣಿಗೆ ಇಳಿದ ನೀರು ಹೊರಬರಲೆಂದು ಗೋಡೆಯಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಅವು ಮುಚ್ಚಿದರೆ ನೀರು ಒಳಗೇ ನಿಂತು ಗಾರೆಯನ್ನು ಕರಗಿಸುತ್ತದೆ, ಪಕ್ಕದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಸಂದಿಯಲ್ಲಿ ಬಿದ್ದ ಆಲದ, ಅರಳಿಯ ಬೀಜ ಮೊಳೆತರೆ ಕಲ್ಲನ್ನೇ ಎತ್ತುತ್ತದೆ. ಸುಣ್ಣದ ಗಾರೆಯ ಹಳೆಯ ಕಟ್ಟಡಕ್ಕೆ ಮೇಲಿನಿಂದ ಗಟ್ಟಿ ಸಿಮೆಂಟ್ ಮೆತ್ತುವುದು ಹಲವೆಡೆ ನಡೆಯುವ ತಪ್ಪು. ಸುಣ್ಣ ತೇವವನ್ನು ಹೊರಬಿಡುತ್ತದೆ, ಅಲ್ಪಸ್ವಲ್ಪ ಅಲುಗಾಟವನ್ನು ತಾಳಿಕೊಳ್ಳುತ್ತದೆ. ಸಿಮೆಂಟ್ ತೇವವನ್ನು ಒಳಗೇ ಬಂಧಿಸುತ್ತದೆ, ಕಲ್ಲಿನ ಮುಖ ಪದರಪದರವಾಗಿ ಉದುರಲು ಶುರುವಾಗುತ್ತದೆ. ರಿಪೇರಿ ಮಾಡಿದವರು ಒಳ್ಳೆಯ ಉದ್ದೇಶದಿಂದಲೇ ಮಾಡಿರುತ್ತಾರೆ, ಸೇತುವೆಗೆ ಉದ್ದೇಶ ತಿಳಿಯುವುದಿಲ್ಲ.

ಬಿರುಕು ಕಂಡರೆ ಗಾಬರಿಯಾಗಬೇಕಾಗಿಲ್ಲ, ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಅದಕ್ಕೆ ಬಿರುಕಿನ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಕೂರಿಸಿ, ದಿನಾಂಕ ಬರೆದು ಬಿಡುವುದು ಹಳೆಯ ರೂಢಿ. ಪಟ್ಟಿ ಒಡೆದರೆ ಬಿರುಕು ಜೀವಂತವಾಗಿದೆ ಎಂದರ್ಥ, ಒಡೆಯದಿದ್ದರೆ ಅದು ಎಂದೋ ಆಗಿ ನಿಂತ ಗಾಯ. ಈಗ ಸಂವೇದಕಗಳಿವೆ, ಬಳಸಲಿ. ಆದರೆ ಗಾಜಿನ ಪಟ್ಟಿಗೆ ಬ್ಯಾಟರಿ ಬೇಕಿಲ್ಲ ಎಂಬುದನ್ನೂ ಮರೆಯಬಾರದು. ಉಕ್ಕಿನ ತೊಲೆ ಸೇತುವೆಗಳಿಗೆ ಇಷ್ಟು ಉದಾರವಾದ ಮಾತು ನನ್ನಿಂದ ಬರುವುದಿಲ್ಲ. ಅವುಗಳ ರಿವೆಟ್ಟು ಸಡಿಲವಾಗುತ್ತದೆ, ಬೇರಿಂಗ್ ತುಕ್ಕು ಹಿಡಿದು ಜಾಮಾಗುತ್ತದೆ, ಭಾರ ಏರಿಳಿದಷ್ಟೂ ಆಯುಷ್ಯ ಕಳೆಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೂ ಹಿಂದಿನ ಕಬ್ಬಿಣ, ಉಕ್ಕುಗಳ ಗುಣ ಒಂದೇ ಸಮನಾಗಿರಲಿಲ್ಲ, ಹಾಗಾಗಿ ಅವನ್ನು ತೆಗೆಯುವುದೇ ಲೇಸು. ಕಲ್ಲಿರಲಿ, ಉಕ್ಕಿರಲಿ, ಹೊಳೆಯ ಸೇತುವೆಗೆ ಕೊನೆಯ ಅಪಾಯ ಅಡಿಪಾಯದ ಮಣ್ಣು ಕೊಚ್ಚಿಹೋಗುವುದು. ಬೆಣ್ಣೆಹಳ್ಳ ಬೇಸಿಗೆಯಲ್ಲಿ ಹೇಗಿರುತ್ತದೆ, ಮೇಲೆ ಕುಂದಗೋಳದ ಕಡೆ ಜೋರು ಮಳೆ ಬಿದ್ದ ರಾತ್ರಿ ಹೇಗಿರುತ್ತದೆ ಎಂಬುದನ್ನು ಕಂಡವರಿಗೆ, ಸೇತುವೆಗಳನ್ನು ಮಳೆಗಾಲದ ಮೊದಲು ಮತ್ತು ಮುಗಿದ ಮೇಲೆ ಪ್ರತಿವರ್ಷ ನೋಡಲೇಬೇಕೆಂಬ ನಿಯಮ ಯಾಕಿದೆ ಎಂದು ವಿವರಿಸಬೇಕಾಗಿಲ್ಲ.

ಬೋಗಿಗಳಿಗೆ ಬಂದರೆ, ನೀಲಿ ಬೋಗಿ ಹೋಗುತ್ತಿರುವುದಕ್ಕೆ ನಾನು ಕಣ್ಣೀರು ಹಾಕುವುದಿಲ್ಲ. ಚೆನ್ನೈನ ಕಾರ್ಖಾನೆ ಆ ಮಾದರಿಯನ್ನು ಕಟ್ಟುವುದನ್ನು 2018ರ ಆರಂಭದಲ್ಲಿ ನಿಲ್ಲಿಸಿತು. ಅದರ ನಿಗದಿತ ಆಯುಷ್ಯ 25 ವರ್ಷ, ಅದರ ಜಾಗಕ್ಕೆ ಬಂದ, ಸ್ಟೇನ್‌ಲೆಸ್ ಉಕ್ಕಿನ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯದು 35. ಅಪಘಾತವಾದಾಗ ಹಳೆಯ ಬೋಗಿ ಒಂದರ ಮೇಲೊಂದು ಹತ್ತಿ ಕೂರುತ್ತಿತ್ತು, ಹೊಸದು ಬಹುಮಟ್ಟಿಗೆ ಹಾಗೆ ಮಾಡುವುದಿಲ್ಲ. 2012ರಲ್ಲಿ ರೈಲ್ವೆ ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ ಬೇಗ ಬದಲಿಸಿ ಎಂದು ಒತ್ತಿ ಹೇಳಿದ್ದು ಇದೇ ಕಾರಣಕ್ಕೆ. ಹಳೆಯ ಬೋಗಿಯ ದೊಡ್ಡ ರೋಗ ತುಕ್ಕು, ಅದೂ ಶೌಚಾಲಯದ ಅಕ್ಕಪಕ್ಕದ ತಳಭಾಗದಲ್ಲಿ. ನೆಲಕ್ಕೆ ನೇರವಾಗಿ ಸುರಿಯುತ್ತಿದ್ದ ಶೌಚಾಲಯ ಬೋಗಿಯನ್ನಷ್ಟೇ ಅಲ್ಲ, ಹಳಿಯನ್ನೂ ಕ್ಲಿಪ್ಪನ್ನೂ ತಿನ್ನುತ್ತಿತ್ತು. ಅದರ ಬದಲಿಗೆ ಬಂದ, ಹೊಲಸನ್ನು ಬೋಗಿಯ ಕೆಳಗಿನ ತೊಟ್ಟಿಯಲ್ಲಿ ಹಿಡಿದಿಡುವ ಜೈವಿಕ ಶೌಚಾಲಯವನ್ನು ನಾವು ಸ್ವಚ್ಛತೆಯ ಸುಧಾರಣೆ ಎಂದೇ ಮಾತನಾಡುತ್ತೇವೆ. ಹಳಿಯ ಆಯುಷ್ಯದ ದೃಷ್ಟಿಯಿಂದಲೂ ಅದು ಈಚಿನ ದಶಕಗಳ ದೊಡ್ಡ ಹೆಜ್ಜೆ. ವಯಸ್ಸಾದರೂ ಗಟ್ಟಿ ಇರುವ ನೀಲಿ ಬೋಗಿಗಳ ಕಿಟಕಿ ಮುಚ್ಚಿ, ಕೊನೆಯ ಗೋಡೆಗೆ ಬಾಗಿಲಿಟ್ಟು, ಕಾರು ಸಾಗಿಸುವ ಗಾಡಿಗಳಾಗಿ ಮಾಡುತ್ತಾರೆ. ಇದು ಒಳ್ಳೆಯ ಮರುಬಳಕೆ. ಹುಬ್ಬಳ್ಳಿಯ ವರ್ಕ್‌ಶಾಪ್ 1885ರಿಂದ ಮಾಡಿಕೊಂಡು ಬಂದದ್ದೂ ಮೂಲತಃ ಇದೇ ಬಗೆಯ ಕೆಲಸ: ಬಿಚ್ಚು, ತೊಳೆ, ಅಳೆ, ಸವೆದದ್ದನ್ನಷ್ಟೇ ಬದಲಿಸು, ಮತ್ತೆ ಜೋಡಿಸು. ಮೀಟರ್ ಗೇಜ್ ಹೋದಾಗ ಅದೇ ಮಂದಿ ಬ್ರಾಡ್ ಗೇಜ್ ಬೋಗಿಯ ಕೆಲಸ ಕಲಿತರು.

ಡೀಸೆಲ್ ಎಂಜಿನ್‌ಗಳ ಕಥೆ ಹುಬ್ಬಳ್ಳಿಯವರಿಗೆ ಹತ್ತಿರದ್ದು. ಅಮೆರಿಕದಿಂದ ಬಂದ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್‌ಗಳಿಗೆ 1999ರ ಸುಮಾರಿಗೆ ದೇಶದಲ್ಲಿ ಮೊದಲು ಮನೆಯಾದದ್ದು ಹುಬ್ಬಳ್ಳಿಯ ಡೀಸೆಲ್ ಶೆಡ್. ಅವುಗಳಲ್ಲಿ ಮೊದಲು ಹಳತಾದದ್ದು ಯಾವುದು ಗೊತ್ತೇ? ಸಿಲಿಂಡರುಗಳೂ ಅಲ್ಲ, ಚಾಸಿಯೂ ಅಲ್ಲ. ಮೋಟಾರಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದರೊಳಗಿನ ಜಿಟಿಒ ಎಂಬ ಬಗೆಯ ಅರೆವಾಹಕ ಬಿಡಿಭಾಗಗಳ ಕಾಲ ಮುಗಿಯಿತು, ಜಗತ್ತು ಐಜಿಬಿಟಿ ಎಂಬ ಇನ್ನೊಂದು ಬಗೆಗೆ ಹೊರಳಿತು. ಹಾಗಾಗಿ ಎಂಜಿನ್ ಉಳಿಸಿಕೊಂಡು ಆ ಪೆಟ್ಟಿಗೆಯನ್ನಷ್ಟೇ ಹೊಸ ಬಗೆಗೆ ಬದಲಿಸಬೇಕಾಯಿತು. ಸುಸ್ಥಿರ ನಿರ್ವಹಣೆ ಎಂದರೆ ನನ್ನ ಮಟ್ಟಿಗೆ ಇದೇ: ಬೇಗ ಸಾಯುವ ಭಾಗವನ್ನು ಬಿಡಿಸಿ ತೆಗೆಯಲು ಬರುವಂತೆ ಇಟ್ಟುಕೊಂಡು, ದೀರ್ಘಾಯುಷಿ ಭಾಗವನ್ನು ಕಾಯುವುದು.

2023ರ ಮಾರ್ಚಿನಲ್ಲಿ ಹೊಸಪೇಟೆ-ಹುಬ್ಬಳ್ಳಿ-ತಿನೈಘಾಟ್ ಮಾರ್ಗದ ವಿದ್ಯುದೀಕರಣ ಲೋಕಾರ್ಪಣೆಯಾದ ಮೇಲೆ ಇನ್ನೂ ಅರ್ಧ ಆಯುಷ್ಯ ಉಳಿದಿರುವ ಡೀಸೆಲ್ ಎಂಜಿನ್‌ಗಳಿಗೆ ಕೆಲಸ ಕಡಿಮೆಯಾಯಿತು ಎಂಬ ನಿಮ್ಮ ಅಳುಕು ಸರಿಯೇ. ಡೀಸೆಲನ್ನು ವಿದ್ಯುತ್ ಎಂಜಿನ್ನಾಗಿ ಪರಿವರ್ತಿಸುವ ಪ್ರಯೋಗವನ್ನು ವಾರಣಾಸಿಯ ಕಾರ್ಖಾನೆ ಮಾಡಿತು, ಅದು ವ್ಯಾಪಕವಾಗಿ ಬೆಳೆಯಲಿಲ್ಲ. 2020ರಲ್ಲಿ ಹತ್ತು ಬಳಸಿದ ಎಂಜಿನ್‌ಗಳನ್ನು ಬಾಂಗ್ಲಾದೇಶಕ್ಕೆ ಕೊಟ್ಟದ್ದು ಹೆಚ್ಚು ವಿವೇಕದ ದಾರಿ. ಕೆಲವನ್ನು ಯಾರ್ಡಿಗೆ, ತಂತಿ ಹರಿದಾಗಿನ ತುರ್ತಿಗೆ, ಹಳಿ ನಿರ್ವಹಣೆಯ ಗಾಡಿಗಳಿಗೆ ಇಟ್ಟುಕೊಳ್ಳಲೇಬೇಕು. ಬಿರುಗಾಳಿಗೆ ಕಂಬ ಉರುಳಿದ ದಿನ ವಿದ್ಯುತ್ ಎಂಜಿನ್ ತನ್ನನ್ನು ತಾನೇ ಎಳೆದುಕೊಳ್ಳಲಾರದು.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಸಿಗ್ನಲ್. ಹಳೆಯ ಕೈಕಂಬದ ಸಿಗ್ನಲಿನ ಸನ್ನೆಕೋಲು ಸವೆದರೆ ವರ್ಕ್‌ಶಾಪಿನ ಕಮ್ಮಾರ ಅದನ್ನು ಮಾಡಿಕೊಡುತ್ತಿದ್ದ. ಸಿಗ್ನಲ್ಲೂ ಹಳಿಯ ಕವಲೂ ಒಂದಕ್ಕೊಂದು ವಿರುದ್ಧವಾಗದಂತೆ ಕಂಪ್ಯೂಟರಿನಿಂದ ಕಾಯುವ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಅದಕ್ಕಿಂತ ಎಷ್ಟೋ ಪಾಲು ಸುರಕ್ಷಿತ, ಇದರಲ್ಲಿ ವಾದವಿಲ್ಲ. ಆದರೆ ಅದರ ಆಯುಷ್ಯ ಹದಿನೈದು ವರ್ಷದ ಆಸುಪಾಸು. ಕಂಪನಿ ಆ ಕಾರ್ಡನ್ನು ತಯಾರಿಸುವುದನ್ನು ಬಿಟ್ಟರೆ ಆ ಹದಿನೈದೂ ಅನುಮಾನವೇ. ಹಾಗಾಗಿ ಖರೀದಿಯ ಒಪ್ಪಂದದಲ್ಲಿಯೇ ಬಿಡಿಭಾಗ ಎಷ್ಟು ವರ್ಷ ಸಿಗಬೇಕು, ತಂತ್ರಾಂಶದ ಹಕ್ಕು ಯಾರದು ಎಂಬುದನ್ನು ಬರೆಸಿಕೊಳ್ಳಬೇಕು. ಇನ್ನೊಂದು ಬಗೆಯ ಮುಪ್ಪೂ ಇದೆ, ಅದು ದಾಖಲೆಯ ಮುಪ್ಪು. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರ್ ನಿಲ್ದಾಣದಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಹಿಂದೆಂದೋ ಸಿಗ್ನಲ್ಲಿನ ವಿದ್ಯುತ್ ಮಂಡಲದಲ್ಲಿ (ಸರ್ಕ್ಯೂಟಿನಲ್ಲಿ) ಮಾಡಿದ ಬದಲಾವಣೆಯ ಲೋಪ ಮತ್ತು ಆ ದಿನ ಕ್ರಾಸಿಂಗ್ ಗೇಟಿನ ಕೆಲಸದಲ್ಲಿ ಆದ ಲೋಪ ಸೇರಿ ದುರಂತವಾಯಿತೆಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿತು. ತಂತಿಯ ತುದಿಗಳಿಗೆ ಬರೆದ ಗುರುತು ತಪ್ಪಾಗಿದ್ದರೂ ಅದು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಉಪಕರಣ ಹಳತಾಗಿರಲಿಲ್ಲ, ನಕ್ಷೆ ಸತ್ಯ ಹೇಳುವುದನ್ನು ನಿಲ್ಲಿಸಿತ್ತು. ನೂರಾರು ಸಲ ತಿದ್ದಿದ ಮಂಡಲದ ನಕ್ಷೆಯನ್ನು ಸ್ಥಳದಲ್ಲಿರುವ ತಂತಿಗೆ ಹೋಲಿಸಿ ನೋಡುವ ಕೆಲಸ ನೀರಸವಾದದ್ದು, ಆದರೆ ಅದು ಬಿಟ್ಟುಹೋದ ಕಡೆ ಹೊಸ ಯಂತ್ರ ಹಾಕಿ ಪ್ರಯೋಜನವಿಲ್ಲ.

ಹಣದ ಬಗ್ಗೆ ನೀವು ಕೇಳಲಿಲ್ಲ, ಆದರೂ ಅದಿಲ್ಲದೆ ಉತ್ತರ ಅರ್ಧವಾಗುತ್ತದೆ. ಸವೆಯುವ ಆಸ್ತಿಯನ್ನು ಬದಲಿಸಲು ಪ್ರತಿವರ್ಷ ಆದಾಯದಿಂದ ಒಂದು ಪಾಲು ಎತ್ತಿಡುವ ಸವಕಳಿ ನಿಧಿ ರೈಲ್ವೆಯಲ್ಲಿದೆ. ಅದಕ್ಕೆ ಸಾಕಷ್ಟು ಹಾಕುತ್ತಿಲ್ಲ ಎಂದು ಮಹಾಲೇಖಪಾಲರು ಮತ್ತೆ ಮತ್ತೆ ಬರೆದಿದ್ದಾರೆ. ಹೀಗೆ ಬಾಕಿ ಬೆಳೆಯುತ್ತದೆ, ಅಪಘಾತವಾಗುತ್ತದೆ, ಸಮಿತಿ ಕೂರುತ್ತದೆ, ವಿಶೇಷ ನಿಧಿ ಬರುತ್ತದೆ. ರೈಲ್ವೆ ಸುರಕ್ಷತೆಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಖನ್ನಾ ಸಮಿತಿಯ ಸಲಹೆಯ ಬೆನ್ನಿಗೆ 2001ರಲ್ಲಿ 17,000 ಕೋಟಿ ರೂಪಾಯಿಯ ವಿಶೇಷ ಸುರಕ್ಷತಾ ನಿಧಿ ಬಂತು. 2017-18ರಲ್ಲಿ ಐದು ವರ್ಷಕ್ಕೆ ಒಂದು ಲಕ್ಷ ಕೋಟಿಯ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಬಂತು. ಎರಡೂ ಅಗತ್ಯವಾಗಿದ್ದವು, ಎರಡರಿಂದಲೂ ಸಾವಿರಾರು ಕಿಲೋಮೀಟರ್ ಹಳಿ ಸುಧಾರಿಸಿತು. ಆದರೆ ಹದಿನೈದು ವರ್ಷಕ್ಕೊಮ್ಮೆ ದೊಡ್ಡ ಆಪರೇಷನ್ ಮಾಡಿಸಿಕೊಳ್ಳುವ ಅಭ್ಯಾಸಕ್ಕೆ ನಿರ್ವಹಣೆ ಎಂದು ಹೆಸರಿಡುವುದು ಕಷ್ಟ. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಮೇಲೆ ನನಗೆ ಅಸೂಯೆಯಿಲ್ಲ, ಯಾರ್ಡಿನ ಇಕ್ಕಟ್ಟು ಬಿಡಿಸಲು ಅಂಥದ್ದು ಬೇಕಿತ್ತು. ಕುಂದಗೋಳಕ್ಕೂ ಯಲವಿಗಿಗೂ ನಡುವೆ ಒಂದು ಕಿಲೋಮೀಟರ್ ಗಟಾರು ತೋಡಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ ಎಂಬುದಷ್ಟೇ ನನ್ನ ದೂರು.

ಗಟಾರು ತೋಡುವವರ ಕೊರತೆಯೂ ಹಾಗೆಯೇ ಕಣ್ಣಿಗೆ ಬೀಳುವುದಿಲ್ಲ. ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ಸುತ್ತಿಗೆ ಹಿಡಿದು ನಡೆಯುವ ಕೀಮನ್, ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಹಳಿ ಸೊಟ್ಟಗಾಗಿದೆಯೇ ಎಂದು ನೋಡುವ, ಚಳಿಗಾಲದ ಬೆಳಗಿನ ಜಾವ ಬೆಸುಗೆ ಬಿಟ್ಟಿದೆಯೇ ಎಂದು ನೋಡುವ ಗಸ್ತಿನವರು, ಇವರಿಗೆ ಗೊತ್ತಿರುವುದು ಯಾವ ಕಡತದಲ್ಲೂ ಇರುವುದಿಲ್ಲ. ಬಿಸಿಲಿಗೆ ಹಳಿ ಗಾಳಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಕಾಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಯಾವ ತಿರುವಿನಲ್ಲಿ ಅದು ಮೊದಲು ಕಾಟ ಕೊಡುತ್ತದೆ ಎಂದು ಹೇಳುವವನು ಹಳಿ ಕೆಲಸದ ತಂಡದ ಮುಂದಾಳಾದ ಮೇಟ್. ಅವನು ನಿವೃತ್ತನಾಗುವ ಮುನ್ನ ಆ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವ ಪದ್ಧತಿ ಎಲ್ಲಿಯಾದರೂ ಬಿಗಿಯಾಗಿ ಬಂದರೆ, ಅದನ್ನು ನಾನು ಯಾವ ಸಂವೇದಕಕ್ಕಿಂತಲೂ ಮೇಲೆ ಇಡುತ್ತೇನೆ.

ನಿಮ್ಮಂಥ ಪ್ರಯಾಣಿಕರಿಂದ ಆಗುವ ಕೆಲಸವೂ ಇದೆ. ಹಳಿ ಪಕ್ಕದ ಬಡಾವಣೆಗಳಲ್ಲಿ ಮೋರಿಯ ಬಾಯಿಗೆ ಪ್ಲಾಸ್ಟಿಕ್ ಚೀಲ, ಕಟ್ಟಡದ ಕಸ ತುಂಬುತ್ತಾರೆ. ನಿವೇಶನ ಮಾಡುವಾಗ ಹಳ್ಳದ ದಾರಿಯನ್ನೇ ಮುಚ್ಚುತ್ತಾರೆ. ಆ ನೀರು ಏರಿಗೆ ಆತುಕೊಂಡು ನಿಲ್ಲುತ್ತದೆ. ಇದನ್ನು ರೈಲ್ವೆ ಒಂದೇ ತಡೆಯಲಾರದು, ನಗರಸಭೆಗೂ ಪಂಚಾಯಿತಿಗೂ ಕೇಳಬೇಕು. ಗಾಡಿಯಲ್ಲಿ ಕೂತಾಗ ಒಂದೇ ಜಾಗದಲ್ಲಿ ಪ್ರತಿಸಲವೂ ಜೋರಾದ ಬಡಿತ ಅನುಭವಕ್ಕೆ ಬಂದರೆ, ಏರಿಯ ಬುಡದಲ್ಲಿ ನೀರು ನಿಂತದ್ದು ಕಂಡರೆ, 139ಕ್ಕೆ ಕರೆ ಮಾಡಿ ಅಥವಾ ಮುಂದಿನ ನಿಲ್ದಾಣದ ಮಾಸ್ತರರಿಗೆ ತಿಳಿಸಿ. ‘ಅಣ್ಣಿಗೇರಿ ದಾಟಿದ ಮೇಲೆ ಎಲ್ಲೋ’ ಎಂದರೆ ಹುಡುಕಲು ಹೋದವರು ಬರಿಗೈಯಲ್ಲಿ ಬರುತ್ತಾರೆ. ಈಗ ವಿದ್ಯುತ್ ತಂತಿಯ ಪ್ರತಿ ಕಂಬದ ಮೇಲೂ ಸಂಖ್ಯೆಯ ಫಲಕವಿದೆ. ಮೊದಲ ಸಂಖ್ಯೆ ಕಿಲೋಮೀಟರ್, ಎರಡನೆಯದು ಆ ಕಿಲೋಮೀಟರಿನೊಳಗಿನ ಕಂಬದ ಸಂಖ್ಯೆ. ಆ ಎರಡನ್ನು ಹೇಳಿ, ಜೊತೆಗೆ ಗಾಡಿ ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬುದನ್ನೂ ಹೇಳಿ. ಜೋಡಿ ಹಳಿ ಬಂದ ಮೇಲೆ ದೋಷ ಯಾವ ಹಳಿಯಲ್ಲಿದೆ ಎಂಬುದು ದಿಕ್ಕಿನಿಂದಲೇ ಗೊತ್ತಾಗಬೇಕು.